ಬಾಣಂತನದ ದಿನಗಳು ಯಾರ ಸ್ವತ್ತು?

ನಮ್ಮ ಚರಿತ್ರೆ ಪುಸ್ತಕಗಳಲ್ಲಿ ರಾಜರು ಹುಟ್ಟುತ್ತಾರೆ, ಪಟ್ಟಕ್ಕೆ ಬರುತ್ತಾರೆ, ಯುದ್ಧ ಮಾಡುತ್ತಾರೆ, ಸಾಯುತ್ತಾರೆ. ಅವರನ್ನು ಹೆತ್ತವಳು ಎಷ್ಟು ದಿನ ಮಲಗಿದ್ದಳು, ಹೊಕ್ಕುಳ ಬಳ್ಳಿ ಕೊಯ್ದವಳು ಯಾರು, ಮಾಸು ಹೂತವಳು ಯಾರು, ರಾತ್ರಿ ಅತ್ತಾಗ ಎತ್ತಿಕೊಂಡವಳು ಯಾರು ಅನ್ನುವುದನ್ನು ಯಾವ ಪುಸ್ತಕವೂ ಹೇಳುವುದಿಲ್ಲ. ಹೆರಿಗೆ, ಹಾಲು, ಹೇಲು, ಉಚ್ಚೆ ಇವೆಲ್ಲ ಹೆಂಗಸರ ಪಾಡು, ಇದರಲ್ಲಿ ಚರಿತ್ರೆ ಎಲ್ಲಿಂದ ಬಂತು ಅಂತ ತಿಳಿದವರು ಯಾವತ್ತೋ ತೀರ್ಮಾನ ಮಾಡಿ ಮುಗಿಸಿದ್ದಾರೆ. ಆ ತೀರ್ಮಾನ ಸುಳ್ಳು. ಹೆತ್ತವಳಿಗೆ ಎಷ್ಟು ದಿನ ಬಿಡುವು, ಹುಟ್ಟಿದ ಕೂಸಿಗೆ ಎಷ್ಟು ದಿನ ತಾಯಿ ಅನ್ನುವುದನ್ನು ಈ ದೇಶದಲ್ಲಿ ಜಾತಿ ಮತ್ತು ಕೂಲಿ ನಿರ್ಧರಿಸಿವೆ. ಹಾಗೆ ನಿರ್ಧಾರವಾದದ್ದಕ್ಕೆ ಇಸವಿಗಳಿವೆ, ಹೆಸರುಗಳಿವೆ, ಹೋರಾಟವಿದೆ.

ನಾನೊಬ್ಬಳು ಹಳ್ಳಿ ಶಾಲೆಯ ಮೇಡಂ. ಮೂರು ತಿಂಗಳ ಹೆಣ್ಣುಕೂಸಿನ ತಾಯಿ. ಕೂಸು ರಾತ್ರಿ ಎರಡು ಗಂಟೆಗೊಮ್ಮೆ ಏಳುತ್ತದೆ. ಹಾಲು ಕುಡಿಯುತ್ತ ನಿದ್ದೆ ಹೋಗುತ್ತದೆ, ಮಲಗಿಸಿದರೆ ಮತ್ತೆ ಏಳುತ್ತದೆ. ಬಿಕ್ಕಳಿಕೆ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ. ಅದರ ನೆತ್ತಿ ಇನ್ನೂ ಗಟ್ಟಿಯಾಗಿಲ್ಲ, ದೀಪದ ಬೆಳಕಿನಲ್ಲಿ ಅದು ಮಿಡಿಯುವುದು ಕಾಣುತ್ತದೆ. ಇಷ್ಟು ಬಡಪಾಯಿ ಜೀವ ಮನುಷ್ಯರಾಗಿ ಎದ್ದು ನಿಲ್ಲಬೇಕಾದರೆ ಯಾರಾದರೊಬ್ಬರು ಎಲ್ಲ ಕೆಲಸ ಬಿಟ್ಟು ಅದರ ಪಕ್ಕದಲ್ಲಿರಲೇಬೇಕು. ಸರ್ಕಾರ ನನಗೆ ಸಂಬಳ ಸಹಿತ 180 ದಿನ ರಜೆ ಕೊಟ್ಟಿದೆ. ಹಾಗಾಗಿ ನಾನು ಪಕ್ಕದಲ್ಲಿದ್ದೇನೆ.

ನಮ್ಮ ವಂಶದಲ್ಲಿ ಹೆತ್ತು ಮೂರು ತಿಂಗಳಾದರೂ ಮನೆಯಲ್ಲೇ ಇರುವ ಮೊದಲನೇ ಹೆಂಗಸು ನಾನು. ನನ್ನವ್ವ ನನ್ನನ್ನು ಹೆತ್ತ ಹನ್ನೆರಡನೇ ದಿನಕ್ಕೆ ಗದ್ದೆಯಲ್ಲಿ ಕಳೆ ಕೀಳಲು ಬಗ್ಗಿದ್ದಳು. ಅವಳವ್ವ, ನನ್ನಜ್ಜಿ, ಊರಿನ ಸೂಲಗಿತ್ತಿ. ಊರಿಗೆಲ್ಲ ಬಾಣಂತನ ಮಾಡಿದವಳೇ ಹೊರತು ತಾನು ಮಾಡಿಸಿಕೊಂಡವಳಲ್ಲ. ಹಾಗಾದರೆ ನನ್ನ ಈ 180 ದಿನಗಳು ಎಲ್ಲಿಂದ ಬಂದವು? ಅವ್ವನಿಗೆ, ಅಜ್ಜಿಗೆ ಯಾಕೆ ಬರಲಿಲ್ಲ?

*

ಮೊದಲು ಸೂಲಗಿತ್ತಿಯ ಕೈಯಿಂದಲೇ ಶುರು ಮಾಡೋಣ. ನಮ್ಮ ಊರುಗಳಲ್ಲಿ ಆಸ್ಪತ್ರೆ ಬರುವ ಮುಂಚೆ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡದ್ದು ಅಕ್ಷರ ಬಾರದ ಹೆಂಗಸರ ಕೈ. ಕೆಲವು ಕಡೆ ನಾಯಿಂದರ ಹೆಂಗಸರು, ಕೆಲವು ಕಡೆ ಹೊಲೆಯರ, ಮಾದಿಗರ ಹೆಂಗಸರು. ಒಬ್ಬೊಬ್ಬರ ಕೈಯಲ್ಲಿ ಸಾವಿರಾರು ಹೆರಿಗೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಒಂದು ಕಾಸು ಕೇಳದೆ ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಒಬ್ಬರಿಗಾದರೂ ಆ ಗೌರವ ಬಂತಲ್ಲ ಅಂತ ಸಂತೋಷ. ಆದರೆ ಹೆಸರಿಲ್ಲದೆ ಹೋದ ಉಳಿದವರು ಎಷ್ಟು ಸಾವಿರ ಅಂತ ಲೆಕ್ಕ ಇಟ್ಟವರಿಲ್ಲ.

ನನ್ನಜ್ಜಿ ಹೇಳುತ್ತಿದ್ದಳು: "ಗೌಡ್ರ ಮನೆಗೆ ಹೆರ್ಗೆ ಅಂದ್ರೆ ಸರೊತ್ನಲ್ಲಿ ಲಾಟೀನು ಹಿಡ್ಕಂಡು ಹಟ್ಟಿಗೆ ಬರೋರು. ಅವತ್ತು ನಡುಮನೆಗೂ ಹೋಗ್ಬೋದು, ಕೋಣೆಗೂ ಹೋಗ್ಬೋದು. ಗೌಡ್ತಿ ನನ್ ಕತ್ತು ತಬ್ಕಂಡು ಮುಕ್ಕೋಳು. ಹನ್ನೊಂದು ದಿನ ಆಗಿ ಪುರುಡು ತೆಗುದ್ರು ಅಂದ್ರೆ ಮುಗೀತು ಕಣವ್ವ. ಮತ್ತೆ ಜಗಲಿ ಕೆಳ್ಗೇ ನಿಲ್ಬೇಕು." ಹನ್ನೊಂದು ದಿನ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದವಳು, ನೆತ್ತಿಗೆ ಎಣ್ಣೆ ತಟ್ಟಿದವಳು ಹನ್ನೆರಡನೇ ದಿನ ಅದೇ ಕೂಸನ್ನು ಮುಟ್ಟಬಾರದು. ಮೊರದಲ್ಲಿ ಒಂದಿಷ್ಟು ಅಕ್ಕಿ, ಕಾಯಿ, ಬೆಲ್ಲ, ಒಂದು ಹಳೇ ಸೀರೆ, ಇದು ಅವಳ ಸಂಭಾವನೆ. ಆ ಕೂಸು ಬೆಳೆದು ದೊಡ್ಡ ಕುಳವಾಗಿ, ತನ್ನನ್ನು ಮೊದಲು ಮುಟ್ಟಿದ ಕೈಗೆ ಮೇಲಿನಿಂದ ನೀರು ಹುಯ್ಯುತ್ತಿತ್ತು. ಹುಟ್ಟಿದ ಗಳಿಗೆಯಲ್ಲಿ ಮೇಲ್ಜಾತಿಯ ಕೂಸುಗಳನ್ನು ಎತ್ತಿಕೊಂಡದ್ದೂ ಈ 'ಮುಟ್ಟಬಾರದ' ಕೈಯೇ. ಅಸ್ಪೃಶ್ಯತೆ ಶಾಸ್ತ್ರದಲ್ಲಿ ಎಷ್ಟು ಗಟ್ಟಿಯೋ ಹೆರಿಗೆ ಕೋಣೆಯಲ್ಲಿ ಅಷ್ಟೇ ಜಳ್ಳು.

ಇದರಲ್ಲಿ ಇನ್ನೊಂದು ಮಾತು ಗಮನಿಸಬೇಕು. ಮೇಲ್ಜಾತಿಯ ಹೆಂಗಸಿಗೆ ಹೆತ್ತ ಮೇಲೆ ಬಿಡುವು ಸಿಕ್ಕಿದ್ದು ಅವಳ ಮೇಲಿನ ಕರುಣೆಯಿಂದ ಮಾತ್ರ ಅಲ್ಲ. ಅವಳು ಪುರುಡಿನವಳು, ಮೈಲಿಗೆ, ಅಡುಗೆಮನೆ ದೇವರಮನೆಗೆ ಬರಬಾರದು ಅನ್ನುವ ಕಟ್ಟು ಅದು. ಅವಮಾನದ ಕಟ್ಟೇ ಆದರೂ ಅದರ ನೆರಳಲ್ಲಿ ಅವಳ ನಡುವಿಗೆ ಒಂದಿಷ್ಟು ವಿಶ್ರಾಂತಿ ಸಿಕ್ಕಿತು. ನಮ್ಮ ಹೆಂಗಸಿಗೆ ಅದೂ ಇಲ್ಲ. ಹುಟ್ಟಿನಿಂದಲೇ ಮೈಲಿಗೆ ಅಂತ ಊರ ಹೊರಗಿಟ್ಟವಳಿಗೆ ಪುರುಡಿನ ರಜೆ ಯಾಕೆ? ಅವಳು ನಡುಮನೆಗೆ ಬಂದರೆ ಮನೆ ಕೆಡುತ್ತದೆ. ಹೆತ್ತ ಹನ್ನೆರಡನೇ ದಿನ ಗದ್ದೆಗಿಳಿದರೆ ಭತ್ತ ಕೆಡುವುದಿಲ್ಲ! ಮಡಿ ಮೈಲಿಗೆಯ ಶಾಸ್ತ್ರ ಜಮೀನುದಾರನ ಅನುಕೂಲ ನೋಡಿಕೊಂಡೇ ನಡೆದಿದೆ.

*

ಬಾಣಂತನ ಅಂದರೇನು ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಒಂದು ಪಟ್ಟಿ ಹೇಳುತ್ತಾರೆ. ದಿನಾ ಹಂಡೆಗಟ್ಟಲೆ ಬಿಸಿನೀರು, ಮೈಗೆ ಎಣ್ಣೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಹೊಟ್ಟೆಗೆ ನಡುಕಟ್ಟು, ಮೆಣಸು ಬೆಳ್ಳುಳ್ಳಿ ಸಾರು, ತುಪ್ಪ, ಕೊಬ್ಬರಿ, ಅಂಟಿನುಂಡೆ, ಕೂಸಿಗೆ ತೇಯುವ ಬಜೆ, ತೂಗುವ ತೊಟ್ಟಿಲು. ಈ ಪಟ್ಟಿಯನ್ನು 'ನಮ್ಮ ಸಂಸ್ಕೃತಿ' ಅಂತ ಕರೆಯುವವರಿದ್ದಾರೆ. ಯಾರ ಸಂಸ್ಕೃತಿ? ಹಂಡೆ ನೀರು ಕಾಯಿಸಬೇಕಾದರೆ ಮೊದಲು ಹಂಡೆ ಬೇಕು, ಸೌದೆ ಬೇಕು, ಅದಕ್ಕಿಂತ ಮುಂಚೆ ನೀರು ಬೇಕು. ಊರ ಬಾವಿಗೆ ಬಿಂದಿಗೆ ಇಳಿಸಲು ಬಿಡದಿದ್ದ ಕೇರಿಯಲ್ಲಿ ಬಾಣಂತಿಗೆ ಹಂಡೆ ನೀರು ಎಲ್ಲಿಂದ ತರೋಣ? 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರಲ್ಲ, ಆ ನೀರಿನ ಪ್ರಶ್ನೆ ಬಾಯಾರಿಕೆಯದು ಮಾತ್ರ ಅಂತ ನಾನು ತಿಳಿದಿದ್ದೆ. ದಿನಕ್ಕೆ ಇಪ್ಪತ್ತು ಬಟ್ಟೆ ಒಗೆಯುವ ಈಗ, ಹಸುಗೂಸಿರುವ ಮನೆಗೆ ನೀರು ಅಂದರೇನು ಅಂತ ಇನ್ನೂ ಚೆನ್ನಾಗಿ ತಿಳಿಯುತ್ತಿದೆ.

ನಮ್ಮ ಕೇರಿಯ ಕೂಸುಗಳ ತೊಟ್ಟಿಲು ಅಂದರೆ ಬದುವಿನ ಹೊಂಗೆಮರಕ್ಕೆ ಕಟ್ಟಿದ ಸೀರೆಯ ಜೋಲಿ. ನನ್ನನ್ನೂ ಹಾಗೇ ಮಲಗಿಸಿದ್ದರು. ಅವ್ವ ಇವತ್ತಿಗೂ ಹೇಳುತ್ತಾಳೆ: "ಸಾಲ್ನಾಗೆ ಬಗ್ಗಿದ್ರೆ ನಿನ್ ಅಳು ಕೇಳೋದು ಕೂಸೇ. ಎದೆ ತೊಟ್ಕಿ ರವ್ಕೆ ನೆನ್ಯೋದು. ಸಾಲು ಮುಗೀದೆ ಎದ್ದೋದ್ರೆ ಕೂಲಿ ಮುರ್ಕಳರು." ಎದೆಯಲ್ಲಿ ಹಾಲು, ಮರದಲ್ಲಿ ಕೂಸು, ನಡುವೆ ಒಡೆಯನ ಸಾಲು. ಈ ದೂರವನ್ನು ಅಳೆಯದ ಚರಿತ್ರೆ ನಮ್ಮ ಚರಿತ್ರೆಯಲ್ಲ.

ಹೆರಿಗೆಯ ಹೊತ್ತಿಗೆ ಮನೆಯಲ್ಲಿ ಒಂದು ಸೇರು ರಾಗಿ ಇಲ್ಲದಿದ್ದರೆ ಸಾಲ ಎತ್ತಬೇಕು. ಸಾಲ ತೀರದಿದ್ದರೆ ಅಪ್ಪನೋ ಅಣ್ಣನೋ ಜೀತಕ್ಕೆ ನಿಲ್ಲಬೇಕು. ಮದುವೆ, ಕಾಯಿಲೆ, ಸಾವು, ಹೆರಿಗೆ ಇವೇ ಜೀತದ ಬಾಗಿಲುಗಳು. ಜೀತ ಪದ್ಧತಿ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಅಲ್ಲಿಯವರೆಗೆ, ಎಷ್ಟೋ ಕಡೆ ಅದಾದ ಮೇಲೂ, ಕೂಸು ಕಣ್ಣು ಬಿಡುವ ಮುಂಚೆ ಅದರ ತಲೆ ಮೇಲೆ ಒಂದು ಸಾಲದ ಚೀಟಿ ಇರುತ್ತಿತ್ತು.

*

ಸಾವಿನ ಮಾತನ್ನೂ ಆಡಬೇಕು. ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯ ಪ್ರಕಾರ ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 162 ವರ್ಷ ತುಂಬುವ ಮೊದಲೇ ಸತ್ತವು. ಇದು ಎಲ್ಲರನ್ನೂ ಸೇರಿಸಿದ ಲೆಕ್ಕ. ಕೇರಿಯ ಲೆಕ್ಕ ಬೇರೆ ಬರೆದಿಟ್ಟವರಿಲ್ಲ. ಆದರೆ ಲೆಕ್ಕ ನಮ್ಮ ಹಿರಿಯರ ಹೆಸರಲ್ಲೇ ಇದೆ. ತಿಪ್ಪ, ತಿಪ್ಪವ್ವ, ಕಲ್ಲ, ಗುಂಡ. ಎಲ್ಲ ತಿಪ್ಪರೂ ಹೀಗೆ ಬಂದವರಲ್ಲ, ದೇವರ ಹೆಸರಿಟ್ಟುಕೊಂಡವರೂ ಉಂಟು. ಆದರೆ ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ, ಇದು ಕಸ, ಇದನ್ನ್ಯಾಕೆ ಒಯ್ತೀಯ ಅಂತ ಸಾವಿಗೆ ಕೇಳುವ ಹಾಗೆ ತಿಪ್ಪ ಅಂತ ಹೆಸರಿಡುತ್ತಿದ್ದದ್ದು ಎಲ್ಲರಿಗೂ ಗೊತ್ತು. ಆ ಹೆಸರಿನ ಹಿಂದೆ ಹೆಸರಿಲ್ಲದೆ ಹೋದ ಎರಡೋ ಮೂರೋ ಕೂಸುಗಳಿವೆ.

ಹೆಸರಿಡುವುದರಲ್ಲೂ ಶಾಸ್ತ್ರ ತನ್ನ ಪಾಲು ಬಿಟ್ಟಿಲ್ಲ. ಮನುಸ್ಮೃತಿಯ ಎರಡನೇ ಅಧ್ಯಾಯದಲ್ಲಿ ಅಪ್ಪಣೆಯಿದೆ: ಬ್ರಾಹ್ಮಣನ ಕೂಸಿನ ಹೆಸರು ಮಂಗಳದ್ದಾಗಿರಬೇಕು, ಕ್ಷತ್ರಿಯನದು ಬಲದ್ದು, ವೈಶ್ಯನದು ಹಣದ್ದು, ಶೂದ್ರನದು ಹೇಸಿಗೆ ಹುಟ್ಟಿಸುವಂಥದ್ದು. ತೊಟ್ಟಿಲಲ್ಲಿ ಮಲಗಿರುವ, ಇನ್ನೂ ತಲೆ ನಿಲ್ಲದ ಕೂಸಿನ ಮೇಲೂ ಕಣ್ಣಿಟ್ಟ ಶಾಸ್ತ್ರ ಇದು. ಒಂದು ಕಡೆ ಸಾವಿಗೆ ಹೆದರಿ ನಾವೇ ಇಟ್ಟುಕೊಂಡ ಹೀನ ಹೆಸರು, ಇನ್ನೊಂದು ಕಡೆ ಅವರು ವಿಧಿಸಿದ ಹೀನ ಹೆಸರು. ಈ ಪುಸ್ತಕವನ್ನೇ 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಟ್ಟದ್ದು.

*

ಈ ಕತ್ತಲಲ್ಲಿ ಮೊದಲು ದೀಪ ಹಿಡಿದವರು ಪುಣೆಯ ಜೋತಿಬಾ ಫುಲೆ, ಸಾವಿತ್ರಿಬಾಯಿ. ಅವರನ್ನು ಶಾಲೆ ತೆರೆದವರು ಅಂತ ನಾವು ಮಕ್ಕಳಿಗೆ ಹೇಳುತ್ತೇವೆ. ಅವರು 1863ರಲ್ಲಿ ಮಾಡಿದ ಇನ್ನೊಂದು ಕೆಲಸವನ್ನು ಹೇಳುವುದು ಕಡಿಮೆ. ಆ ಕಾಲದಲ್ಲಿ ಬ್ರಾಹ್ಮಣ ವಿಧವೆಯರು ಬಸಿರಾದರೆ ಅವರ ಪಾಲಿಗೆ ಬಾವಿ, ಇಲ್ಲವೆ ಹುಟ್ಟಿದ ಕೂಸಿನ ಕತ್ತು ಹಿಸುಕುವುದು. ಬಸುರು ಮಾಡಿದ ಗಂಡಸಿಗೆ ಏನೂ ಇಲ್ಲ. ಇಂಥ ಹೆಣ್ಣುಮಕ್ಕಳು ಬಂದು ಗುಟ್ಟಾಗಿ ಹೆತ್ತು ಹೋಗಲಿ, ಕೂಸನ್ನು ಬಿಟ್ಟು ಹೋದರೂ ನಾವು ಸಾಕುತ್ತೇವೆ ಅಂತ ಫುಲೆ ದಂಪತಿಗಳು ಮನೆ ತೆರೆದರು. ಹಾಗೆ ಬಂದ ಒಬ್ಬ ವಿಧವೆಯ ಕೂಸನ್ನೇ 1874ರಲ್ಲಿ ದತ್ತು ತೆಗೆದುಕೊಂಡು ಯಶವಂತ ಅಂತ ಹೆಸರಿಟ್ಟರು. ಅವನು ಡಾಕ್ಟರಾದ. 1897ರ ಪ್ಲೇಗಿನಲ್ಲಿ ರೋಗಿಗಳ ಸೇವೆ ಮಾಡುತ್ತ ಸಾವಿತ್ರಿಬಾಯಿ ತೀರಿಕೊಂಡರು.

ಯೋಚನೆ ಮಾಡಿ. ತಮ್ಮ ಮೇಲೆ ಸಗಣಿ ಎಸೆದ ಜಾತಿಯ ಕೂಸನ್ನು ಒಬ್ಬ ಶೂದ್ರ ಹೆಂಗಸು ಎತ್ತಿಕೊಂಡು ಸಾಕಿದಳು. ಕೂಸು ಯಾರದಾದರೂ ಕೂಸು ಅನ್ನುವ ಮಾತು ಹೇಳುವುದು ಸುಲಭ. ರಾತ್ರಿ ಮೂರು ಗಂಟೆಗೆ ಎದ್ದು ಅದನ್ನು ನಡೆಸಿ ತೋರಿಸುವುದು ಸುಲಭವಲ್ಲ.

*

ಇನ್ನು ಬಾಬಾಸಾಹೇಬರ ಮನೆಯ ಮಾತು. ಮುಂಬಯಿಯ ಪರೇಲಿನ ಚಾಳಿನಲ್ಲಿ ರಮಾಬಾಯಿ ಐದು ಮಕ್ಕಳನ್ನು ಹೆತ್ತರು. ಯಶವಂತ ಒಬ್ಬ ಉಳಿದ. ಗಂಗಾಧರ, ರಮೇಶ, ಇಂದು, ರಾಜರತ್ನ ನಾಲ್ವರೂ ಎಳವೆಯಲ್ಲೇ ಹೋದರು. ಗಂಗಾಧರ ಸತ್ತಾಗ ಹೊದಿಸುವ ಬಟ್ಟೆಗೂ ಕಾಸಿಲ್ಲದೆ ರಮಾಬಾಯಿ ಸೀರೆಯ ಸೆರಗು ಹರಿದು ಕೊಟ್ಟರು ಅಂತ ಜನ ಇಂದಿಗೂ ನೆನೆಯುತ್ತಾರೆ. ಕೊನೆಯ ರಾಜರತ್ನ ಹೋದದ್ದು 1926ರ ಜುಲೈನಲ್ಲಿ. ಮುಂದಿನ ತಿಂಗಳು ಗೆಳೆಯ ದತ್ತೋಬಾ ಪವಾರರಿಗೆ ಬರೆದ ಕಾಗದದಲ್ಲಿ ಅಂಬೇಡ್ಕರ್, ಮೂರು ಗಂಡು ಒಂದು ಹೆಣ್ಣು ಒಟ್ಟು ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ್ದನ್ನು ಹೇಳಿಕೊಂಡು, ಈ ಪೆಟ್ಟಿನಿಂದ ತಾವಿಬ್ಬರೂ ಚೇತರಿಸಿಕೊಂಡಿಲ್ಲ ಅಂತ ತೋಡಿಕೊಂಡಿದ್ದಾರೆ. ಸೂಟು ಬೂಟಿನ, ಕೈಯಲ್ಲಿ ಪುಸ್ತಕ ಹಿಡಿದ ಬಾಬಾಸಾಹೇಬರನ್ನು ನಾವು ಚೌಕದಲ್ಲಿ ನಿಲ್ಲಿಸಿದ್ದೇವೆ. ಕೂಸನ್ನು ಮಣ್ಣಿಗಿಟ್ಟು ಬಂದು ಗೋಡೆಗೆ ಒರಗಿ ಕೂತ ಅಪ್ಪನನ್ನೂ ನೆನೆಯಬೇಕು.

ಅದಾಗಿ ಎರಡು ವರ್ಷ. ಮನುಸ್ಮೃತಿ ಸುಟ್ಟು ಏಳು ತಿಂಗಳು. 1928ರ ಜುಲೈ 28ರಂದು ಮುಂಬಯಿ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಚರ್ಚೆಗೆ ಬಂತು. ಗಿರಣಿಗಳಲ್ಲಿ ದುಡಿಯುವ ಹೆಂಗಸರಿಗೆ ಹೆರಿಗೆಯ ಮುಂಚೆಯೂ ಆಮೇಲೂ ಭತ್ಯೆ ಸಹಿತ ಬಿಡುವು ಕೊಡಬೇಕು ಅನ್ನುವುದು ಅದರ ಸಾರ. ಇಂಥ ಬೇಡಿಕೆ ಹೊಸದೇನಲ್ಲ. 1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹನ್ನೆರಡು ವಾರದ ಹೆರಿಗೆ ರಜೆಯ ಒಡಂಬಡಿಕೆ ಮಾಡಿತ್ತು, ಇಂಡಿಯಾ ಅದಕ್ಕೆ ಒಪ್ಪಿಗೆ ಹಾಕಿರಲಿಲ್ಲ. ಎನ್. ಎಂ. ಜೋಶಿಯವರು 1924ರಲ್ಲಿ ದಿಲ್ಲಿಯ ಶಾಸನ ಸಭೆಗೆ ತಂದ ಮಸೂದೆ ಬಿದ್ದುಹೋಗಿತ್ತು. ಗಿರಣಿಗಳಿಗೆ ಹೊರೆಯಾಗುತ್ತದೆ ಅನ್ನುವುದು ಮಾಲೀಕರ ಕಡೆಯವರ ತಕರಾರು.

ಅಂಬೇಡ್ಕರ್ ಎದ್ದು ನಿಂತು ಮಸೂದೆಯನ್ನು ಬೆಂಬಲಿಸಿದರು. ತಮ್ಮ ಮನೆಯ ಸಾವಿನ ಮಾತನ್ನು ತರಲಿಲ್ಲ, ಕಣ್ಣೀರು ತರಲಿಲ್ಲ, ವಾದ ತಂದರು. ಹೆರಿಗೆಗೆ ಮುಂಚೆಯೂ ಆಮೇಲೂ ತಾಯಿಗೆ ಬಿಡುವು ಸಿಗುವುದು ಇಡೀ ದೇಶದ ಹಿತ. ಜನರ ಕ್ಷೇಮ ಸರ್ಕಾರದ ಹೊಣೆಯಾದ್ದರಿಂದ ಖರ್ಚಿನ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು. ಹಾಗಂತ ಮಾಲೀಕ ಜಾರಿಕೊಳ್ಳುವಂತಿಲ್ಲ, ಯಾಕೆಂದರೆ ಹೆಂಗಸರನ್ನು ಕೆಲಸಕ್ಕಿಟ್ಟುಕೊಂಡರೆ ಗಂಡಸರಿಗಿಂತ ಹೆಚ್ಚು ಲಾಭ ಅಂತಲೇ ಅವನು ಇಟ್ಟುಕೊಳ್ಳುವುದು. ಇದು ಅವರ ಮಾತಿನ ತಿರುಳು.

ಇದರ ದೊಡ್ಡತನ ಎಲ್ಲಿದೆ? ಅಲ್ಲಿಯವರೆಗೆ ಹೆತ್ತವಳ ಬಿಡುವು ಪುರುಡಿನ ಮಾತಾಗಿತ್ತು, ಮನೆತನದ ಮಾತಾಗಿತ್ತು, ಗಂಡನ ಮನೆಯವರ ದಯೆಯ ಮಾತಾಗಿತ್ತು. ಅದನ್ನು ಅಲ್ಲಿಂದ ಎತ್ತಿ ಕೂಲಿಯ, ಖಜಾನೆಯ, ಹಕ್ಕಿನ ಮಾತಾಗಿ ಮಾಡಿದರು. ಮೈಲಿಗೆಯ ಕಾರಣಕ್ಕೆ ಸಿಗುವ ಬಿಡುವು ಒಂದು ಜಾತಿಯ ಹೆಂಗಸಿಗೆ ಸಿಗುತ್ತದೆ, ಇನ್ನೊಂದಕ್ಕೆ ಇಲ್ಲ. ಹಕ್ಕಿನ ಕಾರಣಕ್ಕೆ ಸಿಗುವ ಬಿಡುವಿಗೆ ಜಾತಿ ಕೇಳುವಂತಿಲ್ಲ.

1929ರಲ್ಲಿ ಮುಂಬಯಿ ಕಾಯಿದೆ ಜಾರಿಗೆ ಬಂತು. ಬೇರೆ ಪ್ರಾಂತ್ಯಗಳು ಒಂದೊಂದಾಗಿ ಅದರ ಹಿಂದೆ ಬಂದವು. 1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದ ಅಂಬೇಡ್ಕರ್, ಗಣಿಗಳಲ್ಲಿ ದುಡಿಯುವ ಹೆಂಗಸರಿಗಾಗಿ ಬಂದಿದ್ದ 1941ರ ಹೆರಿಗೆ ಭತ್ಯೆ ಕಾಯಿದೆಗೆ 1943ರಲ್ಲಿ ತಿದ್ದುಪಡಿ ಮಂಡಿಸಿದರು. ಸ್ವತಂತ್ರ ಭಾರತದ ಹೆರಿಗೆ ಸೌಲಭ್ಯ ಕಾಯಿದೆ ಬಂದದ್ದು 1961ರಲ್ಲಿ. ಅದಕ್ಕೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ಕೊಟ್ಟಿತು. ನನ್ನಂಥ ಸರ್ಕಾರಿ ನೌಕರಳ ರಜೆ ಬೇರೆ ನಿಯಮದ್ದು, ಆದರೆ ಬೇರು ಅದೇ. ನನ್ನ 180 ದಿನಗಳು ಯಾವ ಸರ್ಕಾರದ ಭಾಗ್ಯವೂ ಅಲ್ಲ. ಗಿರಣಿಯ ಹೆಂಗಸರು ಬೆವರು ಸುರಿಸಿ ಕೇಳಿದ, ನಾಲ್ಕು ಕೂಸುಗಳನ್ನು ಕಳೆದುಕೊಂಡ ಅಪ್ಪನೊಬ್ಬ ಸಭೆಯಲ್ಲಿ ನಿಂತು ವಾದಿಸಿದ ದಿನಗಳು ಅವು.

*

ಆದರೆ ಈ ಮಾತು ಇಲ್ಲಿಗೆ ಮುಗಿಸಿದರೆ ಅದು ಮೋಸ. 26 ವಾರ ಯಾರಿಗೆ? ಹಾಜರಿ ಪುಸ್ತಕ, ಸಂಬಳದ ಚೀಟಿ ಇರುವವರಿಗೆ. ಕಳೆ ಕೀಳುವವಳಿಗೆ, ಇಟ್ಟಿಗೆ ಹೊರುವವಳಿಗೆ, ಕಬ್ಬು ಕಡಿಯುವವಳಿಗೆ ಏನು? ಆಹಾರ ಭದ್ರತಾ ಕಾಯಿದೆ 2013ರಲ್ಲಿ ಪ್ರತಿ ಬಸುರಿ ಬಾಣಂತಿಗೂ 6000 ರೂಪಾಯಿಗೆ ಕಡಿಮೆಯಿಲ್ಲದಂತೆ ಕೊಡಬೇಕು ಅಂತ ಬರೆಯಿತು. 2017ರ ಮಾತೃವಂದನಾ ಯೋಜನೆ ಬಂದಾಗ 'ಪ್ರತಿ' ಅನ್ನುವ ಮಾತು ಬಿದ್ದುಹೋಯಿತು: ಮೊದಲ ಕೂಸಿಗೆ ಮಾತ್ರ, 5000 ರೂಪಾಯಿ, ಅದೂ ಕಂತಿನಲ್ಲಿ. 2022ರಲ್ಲಿ ಎರಡನೇ ಕೂಸನ್ನೂ ಸೇರಿಸಿದರು, ಅದು ಹೆಣ್ಣಾಗಿದ್ದರೆ. 2024-25ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349 ರೂಪಾಯಿ. 5000ವನ್ನು ಅದರಿಂದ ಭಾಗಿಸಿ ನೋಡಿ. ಹದಿನಾಲ್ಕು ದಿನ. ಸಂಬಳದವಳಿಗೆ 26 ವಾರ, ಕೂಲಿಯವಳಿಗೆ ಹದಿನಾಲ್ಕು ದಿನ. ನನ್ನವ್ವ ಹನ್ನೆರಡನೇ ದಿನಕ್ಕೆ ಗದ್ದೆಗಿಳಿದಳು. ಇಷ್ಟು ವರ್ಷದ ಸ್ವರಾಜ್ಯದಲ್ಲಿ ನಾವು ಮುಂದೆ ಬಂದದ್ದು ಎರಡು ದಿನ.

ಆಗಿರುವ ಒಳ್ಳೆಯದನ್ನು ಅಲ್ಲಗಳೆಯುವುದಿಲ್ಲ. ಕುಡುಗೋಲಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಬೂದಿ ಹಚ್ಚಿದ ಕಾಲದಲ್ಲಿ ಧನುರ್ವಾಯು ಎಷ್ಟು ಕೂಸುಗಳನ್ನು ಸೆಟೆಸಿ ಕೊಂದಿತೋ. ತಾಯಿ ಮಕ್ಕಳ ಧನುರ್ವಾಯು ದೇಶದಲ್ಲಿ ಹತೋಟಿಗೆ ಬಂದಿದೆ ಅಂತ 2015ರಲ್ಲಿ ಸಾರಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. 1975ರಲ್ಲಿ ಶುರುವಾದ ಅಂಗನವಾಡಿ ಇವತ್ತು ನಮ್ಮ ಕೇರಿಯಲ್ಲೂ ಇದೆ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಬಂತು. ಸಾವು ಕಡಿಮೆಯಾಗಿದೆ, ನಿಜ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕವೂ ಇದೆ. ದೇಶದಲ್ಲಿ ಹುಟ್ಟುವ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮುಂಚೆ ಸಾಯುವವು ಪರಿಶಿಷ್ಟ ಜಾತಿಯಲ್ಲಿ ಸುಮಾರು 41, ಪರಿಶಿಷ್ಟ ಪಂಗಡದಲ್ಲಿ ಸುಮಾರು 42, ಹಿಂದುಳಿದವರೂ ಅಲ್ಲದ ಉಳಿದವರಲ್ಲಿ 28. ಸಾವು ಇಳಿದಿದೆ, ಜಾತಿ ಬಿಟ್ಟಿಲ್ಲ.

ನಾನು ಹೆತ್ತ ಆಸ್ಪತ್ರೆಯ ಹೆಸರು ಬೇಡ. ಪಕ್ಕದ ಮಂಚದ ಹುಡುಗಿ ನೋವು ತಾಳದೆ ಕೂಗಿದಾಗ ಅವಳಿಗೆ ಬಿದ್ದ ಬೈಗುಳ ಬರೆಯುವಂಥದ್ದಲ್ಲ. ನನ್ನಜ್ಜಿಯ ಕತ್ತು ತಬ್ಬಿಕೊಂಡು ಹೆತ್ತವರಿಗೆ ಇಂಥ ಮಾತು ಕೇಳಬೇಕಾಗಿ ಬಂದಿರಲಿಲ್ಲ. ಹೆರಿಗೆ ಕೋಣೆಯ ರಕ್ತ ಬಳಿಯುತ್ತಿದ್ದವಳು ಗುತ್ತಿಗೆಯ ಕೆಲಸದವಳು, ನಮ್ಮಂಥದೇ ಕೇರಿಯವಳು. ಅವಳ ಮನೆಯಲ್ಲಿ ನಾಲ್ಕು ತಿಂಗಳ ಕೂಸು. ಎಷ್ಟು ದಿನ ರಜೆ ಕೊಟ್ಟಿದ್ರು ಅಂತ ಕೇಳಿದೆ. "ರಜ ತಕ್ಕಂಡ್ರೆ ಬ್ಯಾರೆಯವರ್ನ ಹಾಕ್ಕತ್ತಾರೆ ಕಣಕ್ಕ," ಅಂದಳು. ಗುತ್ತಿಗೆಯವಳಿಗೂ ಕಾಯಿದೆಯಲ್ಲಿ ಹಕ್ಕಿದೆ. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ಸೂಲಗಿತ್ತಿಯ ಕೈಯಿಂದ ಹೆರಿಗೆ ಹೋಯಿತು, ರಕ್ತ ತೊಳೆಯುವುದು ಮಾತ್ರ ಅವಳ ಮೊಮ್ಮಗಳ ಕೈಯಲ್ಲೇ ಉಳಿಯಿತು.

ಇದನ್ನು ಓದುವ ಮೇಷ್ಟ್ರುಗಳಲ್ಲಿ, ಸಂಘದ ಗೆಳೆಯರಲ್ಲಿ, ಹಾಸ್ಟೆಲಿನ ಹುಡುಗ ಹುಡುಗಿಯರಲ್ಲಿ ನನ್ನದೊಂದು ಕೋರಿಕೆ. ನಿಮ್ಮೂರಿನ ಒಂದೊಂದು ಮನೆಗೂ ಹೋಗಿ ಹೆತ್ತವರನ್ನು ಒಂದೇ ಪ್ರಶ್ನೆ ಕೇಳಿ: ಹೆತ್ತು ಎಷ್ಟನೇ ದಿನಕ್ಕೆ ಕೆಲಸಕ್ಕೆ ಹೋದಿರಿ? ಗೌಡರ ಮನೆಯಲ್ಲೂ ಕೇಳಿ, ಕೇರಿಯಲ್ಲೂ ಕೇಳಿ. ಅಜ್ಜಿ, ಅವ್ವ, ಸೊಸೆ ಮೂವರದೂ ಬರೆದುಕೊಳ್ಳಿ. ಗಂಡಸರನ್ನೂ ಬಿಡಬೇಡಿ, ರಾತ್ರಿ ಎಷ್ಟು ಸಲ ಎದ್ದೆ ಅಂತ ಕೇಳಿ. ಬಂದ ಲೆಕ್ಕವನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಓದಿ. ಕೂಲಿ ಮಾಡುವ ಪ್ರತಿ ತಾಯಿಗೂ 26 ವಾರದ ಪೂರ್ತಿ ಕೂಲಿ ಖಜಾನೆಯಿಂದ ಬರಬೇಕು, ಎಷ್ಟನೇ ಕೂಸು ಅಂತ ಕೇಳಬಾರದು. ಈ ಬೇಡಿಕೆಯನ್ನು ಅದೇ ಸಭೆಯಲ್ಲಿ ಬರೆಸಿ. ನನ್ನ ರಜೆ ಮುಗಿಯಲು ಇನ್ನು ಮೂರು ತಿಂಗಳಿದೆ. ನಮ್ಮೂರಿನ ಲೆಕ್ಕ ಬರೆಯಲು ನಾನು ಶುರು ಮಾಡಿದ್ದೇನೆ, ಕೂಸನ್ನು ಎತ್ತಿಕೊಂಡೇ ಹೋಗುತ್ತೇನೆ. ಇಲ್ಲಿಯವರೆಗೆ ಕೇರಿಯ ಹನ್ನೊಂದು ಮನೆ ಆಗಿದೆ. ಅದರಲ್ಲಿ ಅತಿ ಹೆಚ್ಚು ದಿನ ಮಲಗಿದವಳು ಇಪ್ಪತ್ತೊಂದು ದಿನ.